‘ನಿಮ್ಮನ್ನ ನೋಡಿದ್ರೆ ಹಾಗನ್ಸಲ್ವಲ್ಲ!’

ಇವರನ್ನು ವಸುಧಾ ಅಂತ ಕರೆಯೋಣ. ಹೆಸರು, ಊರು, ಕಲಿಸುವ ವಿಷಯ ಎಲ್ಲವನ್ನೂ ಬದಲಿಸಿದ್ದೇನೆ. ಬರೆದದ್ದನ್ನು ಮೊದಲು ಅವರಿಗೇ ಓದಲು ಕೊಟ್ಟೆ. ಎರಡು ಕಡೆ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸಿದರು. ಒಂದು ಕಾಗುಣಿತದ ತಪ್ಪು. ಇನ್ನೊಂದು, ಅವರು ಮೊದಲ ಸಲ ಬಂದ ವಾರವನ್ನು ನಾನು ತಪ್ಪಾಗಿ ಬರೆದಿದ್ದೆ. ಆ ಸಾಲನ್ನೇ ತೆಗೆದುಬಿಟ್ಟೆ.

ವಯಸ್ಸು 34. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ಗಂಡ, ಅತ್ತೆ, ಆರು ವರ್ಷದ ಮಗ. ಆಪ್ತಸಲಹೆಗೆಂದು ನನ್ನ ಹತ್ತಿರ ಬರುವ ನಾಲ್ಕು ತಿಂಗಳ ಹಿಂದೆ ಅವರಿಗೆ ಆಟಿಸಂ ಇದೆ ಎಂದು ಗೊತ್ತಾಗಿತ್ತು. ಆಟಿಸಂ ಅಂದರೆ ಮಿದುಳು ಬೆಳೆಯುವ ರೀತಿಯೇ ಬೇರೆಯಿರುವುದು; ಜನರೊಡನೆ ಬೆರೆಯುವುದು, ಶಬ್ದ, ಸ್ಪರ್ಶ ತಾಳುವುದು ಕಷ್ಟವಾಗಬಹುದು. ಸುಮ್ನೆ ಮೊಬೈಲಿನಲ್ಲಿ ಟಿಕ್ ಹಾಕಿ ತಿಳಿದದ್ದಲ್ಲ. ಮನೋವೈದ್ಯರು ನೋಡಿದ್ದರು. ಕ್ಲಿನಿಕಲ್ ಸೈಕಾಲಜಿಸ್ಟ್ ಮೂರು ದಿನ ಕೂರಿಸಿಕೊಂಡು ಮಾತಾಡಿಸಿದ್ದರು. ಊರಿನಿಂದ ತಾಯಿಯನ್ನು ಕರೆಸಿ ಬಾಲ್ಯದ ವಿಷಯ ಕೇಳಿದ್ದರು. ಅಷ್ಟಾದ ಮೇಲೆ ಕೊಟ್ಟ ವರದಿ ಅದು.

“ಯಾರೂ ನಂಬ್ತಿಲ್ಲ ಮೇಡಂ” ಎಂದರು. “ಈಗ ನನಗೇ ನಂಬಿಕೆ ಬರ್ತಿಲ್ಲ.”

ಇಲ್ಲಿ ನನ್ನದೊಂದು ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ನನಗೂ ನಂಬಿಕೆ ಬಂದಿರಲಿಲ್ಲ. ಒಳಗೆ ಬಂದರು, ನಗುತ್ತಾ ನಮಸ್ಕಾರ ಮಾಡಿದರು, ಕಿಟಕಿ ಹತ್ತಿರದ ತುಳಸಿ ಗಿಡ ನೋಡಿ “ಬಿಸಿಲು ಸಾಕಾಗುತ್ತಾ ಇದಕ್ಕೆ?” ಅಂತ ಕೇಳಿದರು. ನನ್ನ ಮುಖ ನೋಡಿಕೊಂಡೇ ಮಾತಾಡಿದರು. ‘ನಿಮ್ಮನ್ನ ನೋಡಿದ್ರೆ ಹಾಗನ್ಸಲ್ವಲ್ಲ’ ಎಂಬ ಮಾತು ನನ್ನ ನಾಲಿಗೆ ತುದಿಯವರೆಗೆ ಬಂದಿತ್ತು. ಇಷ್ಟು ವರ್ಷ ಈ ಕುರ್ಚಿಯಲ್ಲಿ ಕೂತ ನನಗೇ ಹೀಗಾದರೆ, ಅತ್ತೆ ನಾದಿನಿಯರನ್ನು ದೂರಿ ಏನು ಪ್ರಯೋಜನ?

ಮೂರನೇ ಭೇಟಿಯಲ್ಲಿ ವಸುಧಾ ಒಂದು ಮಾತು ಹೇಳಿದರು. “ನಿಮ್ಮ ಬೊಟ್ಟು ಇವತ್ತು ಸ್ವಲ್ಪ ಎಡಕ್ಕಿದೆ.” ಆಗ ತಿಳಿಯಿತು. ಅವರು ನೋಡುತ್ತಿದ್ದದ್ದು ನನ್ನ ಕಣ್ಣನ್ನಲ್ಲ, ಹಣೆಯನ್ನು. ಹೈಸ್ಕೂಲಿನಲ್ಲಿ ಟೀಚರ್ ಒಬ್ಬರು “ಮುಖ ನೋಡಿ ಮಾತಾಡು” ಅಂತ ಬೈದಾಗ ಕಂಡುಕೊಂಡ ಉಪಾಯವಂತೆ. ಕಣ್ಣು ನೋಡಿದರೆ ಮಾತು ಕೇಳಿಸುವುದು ನಿಂತುಹೋಗುತ್ತದೆ, ಬೊಟ್ಟು ನೋಡಿದರೆ ಎರಡೂ ನಡೆಯುತ್ತದೆ. ಗಂಡಸರಾದರೆ ಹುಬ್ಬಿನ ನಡು. ಆ ತುಳಸಿ ಗಿಡದ ಪ್ರಶ್ನೆ? ಹೊರಗೆ ಕಾಯುತ್ತಾ ಕೂತಾಗ ಬಾಗಿಲ ಸಂದಿಯಿಂದ ಗಿಡ ನೋಡಿ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದರು. ತೆಗೆದು ತೋರಿಸಿದರು: ‘ಗಿಡ ಇದೆ. ಬಿಸಿಲಿನ ಬಗ್ಗೆ ಕೇಳು.’

ಅದೇ ಫೋನಿನಲ್ಲಿ ಮದುವೆ ಮನೆಗೆ ಬೇರೆ ಪಟ್ಟಿ, ಸಾವಿನ ಮನೆಗೆ ಬೇರೆ ಪಟ್ಟಿ. ಕ್ಲಾಸಿನ ನೋಟ್ಸ್ ಒಂದು ದಿನ ತಂದಿದ್ದರು. ನ್ಯೂಟನ್ನನ ಮೂರನೇ ನಿಯಮದ ಪಕ್ಕ ಮಾರ್ಜಿನ್ನಿನಲ್ಲಿ ಪೆನ್ಸಿಲ್‌ನಿಂದ ಸಣ್ಣಗೆ ಬರೆದಿತ್ತು: ‘ಇಲ್ಲಿ ಜೋಕ್. ಅವರು ನಕ್ಕ ಮೇಲೆ ನಗು. ಮೂರು ಎಣಿಸು.’ ಹನ್ನೊಂದು ವರ್ಷದಿಂದ ಅದೇ ಜೋಕಂತೆ. ಮಕ್ಕಳಿಗೆ ವಸುಧಾ ಮೇಡಂ ಅಂದರೆ ಬಹಳ ಇಷ್ಟ.

ಜನ ಹೇಳುವುದೂ ಅದನ್ನೇ. “ಅರವತ್ತು ಮಕ್ಕಳ ಮುಂದೆ ನಿಂತು ಪಾಠ ಮಾಡ್ತಾಳೆ, ಲೆಕ್ಚರರ್‌ಗೆ ಆಟಿಸಮ್ಮಾ?” ಆದರೆ ಪಾಠ ಅವರಿಗೆ ಸಲೀಸು. ಏನು ಹೇಳಬೇಕು ಅಂತ ಮೊದಲೇ ಗೊತ್ತು, ಒಬ್ಬರೇ ಮಾತಾಡುವುದು, ಬೆಲ್ ಹೊಡೆದರೆ ಮುಗಿಯಿತು. ಕಷ್ಟ ಇರುವುದು ಸ್ಟಾಫ್ ರೂಮಿನಲ್ಲಿ. ಹದಿನಾಲ್ಕು ಜನ, ಮೂರು ಕಡೆ ಮೂರು ಮಾತು, ತಲೆ ಮೇಲೆ ಕಟಕಟ ಅನ್ನುವ ಫ್ಯಾನು. ಹೊಸ ಕಾಲೇಜಿಗೆ ವರ್ಗವಾದ ವರ್ಷ ಎಲ್ಲ ಕೈಮೀರಿತು. ಮೌಲ್ಯಮಾಪನಕ್ಕೆ ಹೋಗಿ ಬಂದವರು ನಾಲ್ಕು ದಿನ ಕತ್ತಲೆ ಕೋಣೆಯಲ್ಲಿ ಮಲಗಿದರು. ಊಟವಿಲ್ಲ, ಮಾತಿಲ್ಲ. ಗಂಡನ ತಂಗಿಯ ಸೀಮಂತ ಮುಗಿಸಿ ಬಂದಾಗಲೂ ಹೀಗೇ ಆಗಿತ್ತು. ಮನೆಯವರು ಅದಕ್ಕೆ ಕೊಟ್ಟ ಹೆಸರು ‘ಸೊಕ್ಕು’.

ಅನುಮಾನ ಯಾಕೆ ಬರುತ್ತದೆ ಅಂತ ಅವರಿಗೆ ಸ್ವಲ್ಪ ಬಿಡಿಸಿ ಹೇಳಬೇಕಾಯಿತು. 1943ರಲ್ಲಿ ಅಮೆರಿಕದಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಹೆಸರುವಾಸಿಯಾದ ಲೇಖನ ಬರೆದಾಗ ಅದರಲ್ಲಿದ್ದದ್ದು 11 ಮಕ್ಕಳು. ಎಂಟು ಗಂಡು, ಮೂರು ಹೆಣ್ಣು. ಆಗ ಕೂತ ಚಿತ್ರ ಇನ್ನೂ ಹೋಗಿಲ್ಲ: ಒಬ್ಬ ಪುಟ್ಟ ಹುಡುಗ, ಮಾತಿಲ್ಲ, ಒಂದೇ ಆಟಿಕೆ ತಿರುಗಿಸುತ್ತಾ ಕೂತಿದ್ದಾನೆ. ಅತ್ತೆಯವರ ಮನಸ್ಸಿನಲ್ಲೂ ಅದೇ ಇತ್ತು. “ನಮ್ಮ ಬೀದಿ ಹುಡುಗನಿಗೆ ಇದೆ. ಅವನು ಅಮ್ಮ ಅಂತಲೂ ಅನ್ನಲ್ಲ. ನಿನಗೇನಾಗಿದೆ ಧಾಡಿ?” ಆ ಹುಡುಗನಿಗೂ ಇದೆ, ಇವರಿಗೂ ಇದೆ. ಆ ಹುಡುಗನಿಗೆ ಬೇಕಾದ ಆಸರೆ ಬಹಳ ಜಾಸ್ತಿ, ಇವರಿಗೆ ಬೇಕಾದದ್ದು ಬೇರೆ ಥರದ್ದು. ಅತ್ತೆಯ ಮಾತಿನಲ್ಲಿ ಆ ಹುಡುಗನ ಬಗ್ಗೆ ಮರುಕವೂ ಇತ್ತು ಅಂತ ನನಗನಿಸಿತು. ಅವರನ್ನು ಕೆಟ್ಟವರು ಅನ್ನಲಾರೆ.

ಡಾಕ್ಟರುಗಳು ಬಳಸುವ ಡಿಎಸ್‌ಎಂ ಎಂಬ ಕೈಪಿಡಿಯ ಐದನೇ ಆವೃತ್ತಿ 2013ರಲ್ಲಿ ಬಂತು. ಲಕ್ಷಣಗಳು ಚಿಕ್ಕಂದಿನಲ್ಲೇ ಇರಬೇಕು ಎಂದು ಅದು ಹೇಳುತ್ತದೆ. ಆದರೆ ಬದುಕಿನ ಒತ್ತಡ ಶಕ್ತಿ ಮೀರುವ ತನಕ ಪೂರ್ತಿ ಕಾಣದೆ ಇರಬಹುದು, ಕಲಿತುಕೊಂಡ ಉಪಾಯಗಳು ಅವನ್ನು ಮುಚ್ಚಿರಬಹುದು ಎಂದೂ ಹೇಳುತ್ತದೆ. ಈ ಸಾಲು ಓದಿ ಹೇಳಿದಾಗ ವಸುಧಾ ತಮ್ಮ ಫೋನನ್ನು ಮಗುಚಿ ಮೇಜಿನ ಮೇಲಿಟ್ಟರು. ಬಹಳ ಹೊತ್ತು ಮಾತಾಡಲಿಲ್ಲ.

ತಾಯಿಯ ವಿಷಯವನ್ನು ಹೇಳಲೇಬೇಕು. ಎಲ್ಲರಿಗಿಂತ ಜಾಸ್ತಿ ನೋವಾದದ್ದು ತಾಯಿ ನಂಬದಿದ್ದಾಗ. ಸೈಕಾಲಜಿಸ್ಟ್ ಮುಂದೆ ಎಲ್ಲವನ್ನೂ ಸರಿಯಾಗಿಯೇ ಹೇಳಿದ್ದರು. ಜರಿ ಲಂಗ ಹಾಕಿದರೆ ಊರು ಒಂದಾಗುವ ಹಾಗೆ ಅಳುತ್ತಿದ್ದಳು, ಬಸ್ ಸ್ಟ್ಯಾಂಡಿನ ವೇಳಾಪಟ್ಟಿ ಪೂರ್ತಿ ಬಾಯಿಪಾಠ, ಅನ್ನಕ್ಕೆ ಸಾರು ಮುಟ್ಟಿದರೆ ತಟ್ಟೆ ತಳ್ಳುತ್ತಿದ್ದಳು. ಹೊರಗೆ ಬಂದ ಮೇಲೆ ಮಗಳಿಗೆ ಹೇಳಿದ್ದು: “ಇದಕ್ಕೆಲ್ಲ ಯಾರಾದ್ರೂ ಹೆಸರಿಡ್ತಾರಾ? ನಾನೂ ಹಾಗೇ ಇದ್ದೆ.” ಇದನ್ನು ನಾನು ಎಷ್ಟು ಮನೆಗಳಿಂದ ಕೇಳಿದ್ದೇನೋ! ಆಟಿಸಂ ವಂಶದಲ್ಲಿ ಹರಿದು ಬರುವುದು ಹೆಚ್ಚು. ಹಾಗಾಗಿ ಮನೆಯಲ್ಲಿ ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಮಾಮೂಲಿ ಅನಿಸಿಬಿಡುತ್ತದೆ. ತಾಯಿಗೆ ಏನಿದೆಯೋ ಏನಿಲ್ಲವೋ, ಅವರನ್ನು ನೋಡದೆ ನಾನು ಹೇಳುವಂತಿಲ್ಲ. ವಸುಧಾಗೆ ಇಷ್ಟು ಮಾತ್ರ ಹೇಳಿದೆ: ಅಮ್ಮ ನಿಮ್ಮನ್ನು ಸುಳ್ಳುಗಾತಿ ಅನ್ನುತ್ತಿಲ್ಲ. ನೀನು ನನ್ನ ಥರ ಅನ್ನುತ್ತಿದ್ದಾರೆ.

ಇನ್ನು ಸಲಹೆ. ಮೊದಲು ಅವರ ಮನಸ್ಸಿನೊಳಗಿನ ಮಾತಿಗೆ ಉತ್ತರ ಬೇಕಿತ್ತು. “ನಾನು ನಾಟಕ ಮಾಡ್ತಿದ್ದೀನಾ ಅನ್ಸುತ್ತೆ. ಕಾಲೇಜಲ್ಲಿ ಸರಿ ಇರ್ತೀನಿ, ಮನೆಗೆ ಬಂದ್ರೆ ಬೀಳ್ತೀನಿ.” ನಾನು ಕೇಳಿದೆ: ಎರಡರಲ್ಲಿ ಯಾವುದಕ್ಕೆ ತಾಲೀಮು ಬೇಕು? ಯಾವುದಕ್ಕೆ ಮಾರ್ಜಿನ್ನಿನಲ್ಲಿ ಪೆನ್ಸಿಲ್ ಗುರುತು ಬೇಕು? ಕತ್ತಲೆ ಕೋಣೆಯಲ್ಲಿ ಮಲಗಲು ಯಾವ ಪಟ್ಟಿಯೂ ಇರಲಿಲ್ಲ. ಅವರಿಗೆ ಇದು ತಕ್ಷಣ ಹಿಡಿಸಿತು, ಲೆಕ್ಕದ ಹಾಗಿತ್ತಲ್ಲ.

ಅನುಮಾನದಲ್ಲೂ ಎರಡು ಥರ ಇದೆ ಅಂತ ಹೇಳಿದೆ. ಪರೀಕ್ಷೆ ಮಾಡುವ ವೈದ್ಯರು ಅನುಮಾನ ಪಡಲೇಬೇಕು. ಜನರ ಮುಂದೆ ಆಗುವ ವಿಪರೀತ ಆತಂಕ, ಗೀಳು, ಎಡಿಎಚ್‌ಡಿ ಎಂಬ ಗಮನ ನಿಲ್ಲದ ತೊಂದರೆ, ಹಳೆಯ ಆಘಾತ ಇವೆಲ್ಲ ಮೇಲುನೋಟಕ್ಕೆ ಹೀಗೇ ಕಾಣಬಹುದು. ಆ ಅನುಮಾನ ಪ್ರಶ್ನೆ ಕೇಳುತ್ತದೆ, ಉತ್ತರಕ್ಕೆ ಕಾಯುತ್ತದೆ. ವಸುಧಾ ಮೊದಲು ಹೋದ ಡಾಕ್ಟರ್ ಒಬ್ಬರು “ಗೂಗಲ್ ನೋಡ್ಕೊಂಡ್ ಬಂದ್ರಾ?” ಅಂತ ನಕ್ಕು ಕಳಿಸಿದ್ದರು. ಅದು ಅನುಮಾನವೂ ಅಲ್ಲ, ಉದಾಸೀನ. ಇದನ್ನು ಓದುತ್ತಿರುವ ಯಾರಿಗಾದರೂ ಬರೀ ಮೊಬೈಲ್ ಪ್ರಶ್ನಾವಳಿಯಿಂದ ಸಂಶಯ ಹುಟ್ಟಿದ್ದರೆ, ಜಿಲ್ಲಾಸ್ಪತ್ರೆಯ ಮನೋವೈದ್ಯರಿಂದ ಶುರು ಮಾಡಿ, ಇಲ್ಲವೇ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ. ಬಾಲ್ಯ ಗೊತ್ತಿರುವವರನ್ನು ಜೊತೆಗೆ ಕರೆದುಕೊಂಡು ಹೋದರೆ ಒಳ್ಳೆಯದು. ಹಳೆಯ ಶಾಲೆಯ ಮಾರ್ಕ್ಸ್ ಕಾರ್ಡು, ಅದರಲ್ಲಿ ಟೀಚರ್ ಬರೆದ ಷರಾ ಇದ್ದರೆ ಅದನ್ನೂ ಒಯ್ಯಿರಿ.

ಅವರನ್ನು ಅನುಮಾನಿಸಿದವರ ಹೆಸರು ಬರೆಯಲು ಹೇಳಿದೆ. ಹನ್ನೊಂದು ಜನ ಬಂದರು. “ಇವರಲ್ಲಿ ಯಾರು ನಂಬದಿದ್ದರೆ ನಿಮ್ಮ ನಾಳೆಯ ದಿನ ಕೆಡುತ್ತದೆ?” ಮೂರೇ ಹೆಸರಿಗೆ ಗೆರೆ ಬಿತ್ತು: ಗಂಡ, ಅತ್ತೆ, ಪ್ರಿನ್ಸಿಪಾಲರು. ಉಳಿದ ಎಂಟು ಜನಕ್ಕೆ ಒಂದು ಸಾಲು ತಯಾರು ಮಾಡಿದೆವು: “ಡಾಕ್ಟ್ರು ನೋಡಿ ಹೇಳಿದ್ದಾರೆ. ಕಾಫಿ ಮಾಡ್ಲಾ?” ಪಟ್ಟಿಗೆ ಸೇರಿಸಿಕೊಂಡರು. ವಾದ ಮಾಡಬೇಡಿ, ವರದಿ ತೋರಿಸಬೇಡಿ ಎಂದೂ ಹೇಳಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಆ ವಿವರ ಗುಟ್ಟಾಗಿರುವುದು ಅವರ ಹಕ್ಕು.

ನಾದಿನಿ ಮಾತ್ರ ಪಟ್ಟು ಬಿಟ್ಟಿರಲಿಲ್ಲ. “ಹಾಗಾದ್ರೆ ಅಂಗವಿಕಲರ ಕಾರ್ಡ್ ತೋರ್ಸು!” ರೋಗನಿರ್ಣಯ ಬೇರೆ, ಕಾರ್ಡ್ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಮೀಸಲಾತಿಯಂಥ ಸವಲತ್ತಿಗೆ 40 ಶೇಕಡಾ ವೈಕಲ್ಯ ಇರಬೇಕು. ಅದನ್ನು ಅಳೆಯಲು ನಮ್ಮ ದೇಶದ್ದೇ ಐಸಾ ಎಂಬ ಅಳತೆ ಪಟ್ಟಿ ಇದೆ. 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ, 70 ಮುಟ್ಟಿದರೆ ಲೆಕ್ಕಕ್ಕೆ. “ಹಾಗಾದ್ರೆ ಏನೂ ಇಲ್ಲದವ್ರಿಗೂ 40 ಮಾರ್ಕ್ಸ್ ಬರುತ್ತೆ. ಗ್ರೇಸ್ ಮಾರ್ಕ್ಸ್ ಥರ” ಎಂದರು ವಸುಧಾ. ಈ ಸಲ ಇಬ್ಬರೂ ಒಟ್ಟಿಗೇ ನಕ್ಕೆವು, ಎಣಿಸದೆ. ಇವರಷ್ಟು ಮುಚ್ಚಿಟ್ಟುಕೊಂಡು ಬದುಕಿದವರಿಗೆ ಆ ಪಟ್ಟಿಯಲ್ಲಿ ಅಂಕ ಕಡಿಮೆ ಬಂದರೂ ಆಶ್ಚರ್ಯವಿಲ್ಲ. ಬರದಿದ್ದರೆ ವರದಿ ಸುಳ್ಳಾಗುವುದಿಲ್ಲ. ಅರ್ಜಿ ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು.

ಗಂಡನನ್ನು ಒಂದು ಭೇಟಿಗೆ ಕರೆಸಿದೆ. ಒಳ್ಳೆಯ ಮನುಷ್ಯ, ಆದರೆ “ನನ್ನ ಮನೆಯವ್ರು ಅಂದ್ರೆ ಅವಳಿಗಾಗಲ್ಲ” ಎಂಬುದು ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಆಟಿಸಂ ಬಗ್ಗೆ ಏನೂ ಓದಲು ಹೇಳಲಿಲ್ಲ. ಅಡುಗೆ ಮನೆಯ ಒಂಟಿಕೊಪ್ಪಲ್ ಕ್ಯಾಲೆಂಡರಿನಲ್ಲಿ ಎರಡು ತಿಂಗಳು ಗುರುತು ಹಾಕಿ ಅಂದೆ. ಜನ ಸೇರಿದ ದಿನಕ್ಕೆ ಒಂದು ಚುಕ್ಕೆ, ಇವರು ಮಲಗಿಬಿಟ್ಟ ದಿನಕ್ಕೆ ಒಂದು ಅಡ್ಡಗೆರೆ. ಎರಡು ಹಾಳೆ ಹರಿದುಕೊಂಡೇ ಬಂದರು. ತವರಿನ ಗೃಹಪ್ರವೇಶದ ಮರುದಿನವೂ ಅಡ್ಡಗೆರೆ ಇತ್ತು. “ಅವರಮ್ಮನ ಮನೆ ಫಂಕ್ಷನ್ ಆದ್ಮೇಲೂ ಹೀಗೇನಾ?” ಅಂತ ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ ಮದುವೆಗಳಿಗೆ ಮುಹೂರ್ತಕ್ಕೆ ಹೋಗಿ ಊಟ ಮುಗಿಸಿ ಹೊರಡುವುದು ಅಂತ ಗಂಡ ಹೆಂಡತಿಯಲ್ಲೇ ಒಪ್ಪಂದವಾಯಿತು.

ಮೂರನೇ ಹೆಸರು ಪ್ರಿನ್ಸಿಪಾಲರದ್ದು. ಇಲ್ಲಿ ನನ್ನ ಸಲಹೆ ಕೈಕೊಟ್ಟಿತು. ಹೇಳಿಬಿಡಿ, ಕೂರುವ ಜಾಗ ಬದಲಿಸಿ ಕೊಡಬಹುದು ಎಂದಿದ್ದೆ. ಅವರು ಬಹಳ ಮೃದುವಾಗಿ “ನಿಮಗ್ಯಾಕೆ ತೊಂದ್ರೆ” ಅಂತ ಹೇಳಿ ವಿಜ್ಞಾನ ಮೇಳದ ಹೊಣೆಯನ್ನೇ ಬೇರೆಯವರಿಗೆ ಕೊಟ್ಟರು. ವಸುಧಾಗೆ ವರ್ಷದಲ್ಲಿ ಅತಿ ಇಷ್ಟದ ಕೆಲಸ ಅದೊಂದೇ. ನನ್ನ ಅವಸರ ಅದು. ಹೆಸರು ಹೇಳುವ ಮೊದಲು ಬೇಕಾದದ್ದನ್ನು ಕೇಳಬೇಕಿತ್ತು: “ಫ್ಯಾನ್ ಶಬ್ದ ಆಗಲ್ಲ ಸರ್, ಲ್ಯಾಬಲ್ಲಿ ಕೂತ್ಕೊಳ್ಲಾ?” ಅಷ್ಟಕ್ಕೆ ಯಾರೂ ವರದಿ ಕೇಳುವುದಿಲ್ಲ. ಈಗ ನನ್ನ ಬಳಿ ಬರುವವರಿಗೆ ಹೀಗೇ ಹೇಳುತ್ತೇನೆ. ನಂಬಿಸಲು ಹೋಗಬೇಡಿ, ಕೇಳಿ. ನಂಬದವರೂ ಫ್ಯಾನ್ ಆರಿಸುತ್ತಾರೆ.

ಅತ್ತೆಯ ವಿಷಯದಲ್ಲಿ ಆ ದಾರಿಯನ್ನೇ ಹಿಡಿದೆವು. ಆಟಿಸಂ ಎಂಬ ಪದವನ್ನು ಮನೆಯಲ್ಲಿ ಎತ್ತಲೇ ಇಲ್ಲ. “ಅತ್ತೆ, ಮಿಕ್ಸಿ ಹಾಕೋ ಮುಂಚೆ ಒಂದು ಕೂಗು ಹಾಕಿ, ಆಚೆ ಹೋಗ್ತೀನಿ.” ಮೊದಲ ವಾರ ಗೊಣಗಿದರಂತೆ.

ಕಳೆದ ತಿಂಗಳು ವಸುಧಾ ಬಂದಾಗ ಹೇಳಿದರು. ಪಕ್ಕದ ಮನೆಯವರು ಏನೋ ಕೇಳಿದ್ದಕ್ಕೆ ಅತ್ತೆ “ನಮ್ಮ ಸೊಸೆಗೆ ಎಂಥದ್ದೂ ಇಲ್ಲ, ಯಾರೋ ಡಾಕ್ಟ್ರು ಏನೋ ಬರ್ಕೊಟ್ಟಿದ್ದಾರೆ” ಅಂದರಂತೆ. ಹಾಗೆನ್ನುತ್ತಲೇ ಒಳಗೆ ಹೋಗಿ, ಚಟ್ನಿಗೆ ಕಾಯಿ ಹಾಕಿ ಕೂಗಿದರಂತೆ, “ವಸೂ, ಮಿಕ್ಸಿ!”