ವಯೊಲಿನ್ ಬಿಟ್ಟು ವಿಯೋಲಾ: ಹಿಂಬಡ್ತಿ ಖಂಡಿತ ಅಲ್ಲ

ಪತ್ರ: ಹದಿನಾರರ ಮಗಳು ಪಾಶ್ಚಾತ್ಯ ಶಾಸ್ತ್ರೀಯ ವಯೊಲಿನ್ ಕಲಿಯುತ್ತಿದ್ದಾಳೆ. ಈಗ ಅವಳ ಟೀಚರ್ ವಿಯೋಲಾ (ವಯೊಲಿನ್ ಥರದ್ದೇ, ತುಸು ದೊಡ್ಡ, ತಗ್ಗು ದನಿಯ ವಾದ್ಯ) ನುಡಿಸು ಅನ್ನುತ್ತಾರೆ. ‘ವಯೊಲಿನ್ ಸರಿಯಾಗಿ ಬಾರದವರಿಗೆ ವಿಯೋಲಾ’ ಅಂತ ನೆಂಟರೊಬ್ಬರು ಹೇಳಿದರು. ಒಪ್ಪಿಕೊಳ್ಳಬಹುದೇ?

ಉತ್ತರ: ಆ ಮಾತು ಮಗಳ ಕಿವಿಗೆ ಬೀಳದಂತೆ ನೋಡಿಕೊಳ್ಳಿ. ಅದು ಹಳೇ ಕುಹಕ, ನಿಜವಲ್ಲ.

ಜರ್ಮನಿಯ ಹೆಸರಾಂತ ವಿಯೋಲಾ ವಾದಕಿ ತಬೇಯಾ ತ್ಸಿಮ್ಮರ್‌ಮಾನ್ ಹುಟ್ಟಿದ್ದು 1966ರಲ್ಲಿ. ಮೂರನೇ ವಯಸ್ಸಿಗೇ ವಿಯೋಲಾ ಹಿಡಿದರು. ಫ್ರೈಬುರ್ಗ್‌ನಲ್ಲಿ ಉಲ್ರಿಖ್ ಕೋಖ್ ಹತ್ತಿರ, ಆಮೇಲೆ ಸಾಲ್ಜ್‌ಬರ್ಗ್‌ನಲ್ಲಿ ಶಾಂದೋರ್ ವೇಗ್ ಹತ್ತಿರ ಕಲಿತರು. ವೇಗ್ ವಯೊಲಿನ್ ವಾದಕರು, ತಮ್ಮದೇ ಕ್ವಾರ್ಟೆಟ್ (ಎರಡು ವಯೊಲಿನ್, ಒಂದು ವಿಯೋಲಾ, ಒಂದು ಚೆಲ್ಲೊ ಇರುವ ನಾಲ್ವರ ತಂಡ) ಕಟ್ಟಿದವರು. ವಿಯೋಲಾದವರಿಗೆ ಇಂಥ ಗುರು ಸಿಗಬೇಕು. ಕ್ವಾರ್ಟೆಟ್‌ನಲ್ಲಿ ವಿಯೋಲಾದವರದು ನಡುವಿನ ದನಿ, ಕೈಗಿಂತ ಕಿವಿಗೇ ಅಲ್ಲಿ ಕೆಲಸ ಜಾಸ್ತಿ. 1982ರಲ್ಲಿ ಜಿನೀವಾ, 1983ರಲ್ಲಿ ಪ್ಯಾರಿಸ್, 1984ರಲ್ಲಿ ಬುಡಾಪೆಸ್ಟ್: ಮೂರೂ ಸ್ಪರ್ಧೆಗಳಲ್ಲಿ ತಬೇಯಾಗೆ ಮೊದಲ ಬಹುಮಾನ. 1987ರ ಹೊತ್ತಿಗೆ ಸಾರ್‌ಬ್ರುಕೆನ್‌ನಲ್ಲಿ ಪ್ರೊಫೆಸರ್!

ವಿಯೋಲಾಗೆಂದೇ ಬರೆದ ಕೃತಿಗಳು ಕಡಿಮೆ, ಒಪ್ಪುತ್ತೇನೆ. ಆದರೆ ಒಳ್ಳೆಯ ವಾದಕರು ಸಿಕ್ಕರೆ ಹೊಸದು ಹುಟ್ಟುತ್ತದೆ. 1990ರಲ್ಲಿ ಕೊಲೋನ್ ರೇಡಿಯೊದ ಸಂಗೀತ ಕಚೇರಿಯೊಂದರಲ್ಲಿ ತಬೇಯಾ ಅವರ ಸಿ ತಂತಿಯ (ವಿಯೋಲಾದ ಅತಿ ತಗ್ಗಿನ ತಂತಿ) ನಾದ ಕೇಳಿ ಸಂಗೀತ ರಚನಕಾರ ಗ್ಯೋರ್ಗಿ ಲಿಗೆಟಿ ಮನಸೋತರು. ಅದರಿಂದ ಬಂದದ್ದೇ ಲಿಗೆಟಿಯವರ ವಿಯೋಲಾ ಸೊನಾಟಾ, ಒಂಟಿ ವಿಯೋಲಾಗೆ ಬರೆದ ಹಲವು ಭಾಗಗಳ ಕೃತಿ. ಅದರ ಮೊದಲ ಭಾಗವನ್ನು ಪೂರ್ತಿ ಆ ಒಂದೇ ತಂತಿಯ ಮೇಲೆ ನುಡಿಸಬೇಕು. ದಯವಿಟ್ಟು ಮಗಳಿಗೆ ಕೇಳಿಸಿ. 1994ರಲ್ಲಿ ಇಡೀ ಸೊನಾಟಾವನ್ನು ಮೊದಲು ನುಡಿಸಿದವರೂ ತಬೇಯಾ ಅವರೇ.

ವಯೊಲಿನ್‌ನಿಂದ ಬಂದವರೂ ಇದ್ದಾರೆ. ಗ್ಲಾಸ್ಗೋದ ವಿಲಿಯಂ ಪ್ರಿಮ್‌ರೋಸ್‌ಗೆ ವಿಯೋಲಾ ಹಿಡಿ ಅಂದವರು ಅವರ ಗುರು ಇಸಾಯೆ, ಆ ಕಾಲದ ವಯೊಲಿನ್ ದಿಗ್ಗಜ. ರಚನಕಾರ ಬಾರ್ಟಾಕ್ ತಮ್ಮ ವಿಯೋಲಾ ಕಾನ್ಸರ್ಟೊ (ಆರ್ಕೆಸ್ಟ್ರಾ ಜೊತೆ ಒಂದು ವಾದ್ಯ ಮುಂದೆ ನಿಂತು ನುಡಿಸುವ ಕೃತಿ) ಬರೆಯಲು ಕೂತದ್ದು ಇದೇ ಪ್ರಿಮ್‌ರೋಸ್ ಕೇಳಿಕೊಂಡಿದ್ದಕ್ಕೆ.

ಇನ್ನು ಕಷ್ಟದ ಮಾತು. ವಾದ್ಯ ದೊಡ್ಡದು. ಶ್ರುತಿ ವಯೊಲಿನ್‌ಗಿಂತ ಸ-ಪ ಅಂತರದಷ್ಟು ಕೆಳಗೆ. ತಂತಿ ದಪ್ಪ, ಕಮಾನಿನ ಮೇಲೆ ಹೆಚ್ಚು ಭಾರ ಹಾಕಬೇಕು. ಆಲ್ಟೊ ಕ್ಲೆಫ್ (ವಿಯೋಲಾ ಸ್ವರಗಳನ್ನು ಬರೆಯುವ ಬೇರೆ ಲಿಪಿಕ್ರಮ) ಓದಲು ಹೊಸದಾಗಿ ಕಲಿಯಬೇಕು. ವಿಯೋಲಾಗೆ ಒಂದೇ ಅಳತೆ ಅಂತಿಲ್ಲ, ಅವಳ ತೋಳಿಗೆ ಹೊಂದುವುದನ್ನೇ ಹುಡುಕಿ. ಭುಜ ನೋಯುತ್ತದೆ ಅಂದರೆ ಅಭ್ಯಾಸ ನಿಲ್ಲಿಸಿ, ತಡ್ಕೋ ಅನ್ನಬೇಡಿ.

ನಮ್ಮ ದೇಶದಲ್ಲಿ ಇದನ್ನೇ ನಂಬಿ ಬದುಕುವ ಜಾಗಗಳು ತೀರಾ ಕಡಿಮೆ. ಮುಂಬೈಯಲ್ಲಿ 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. ಮುಂದಿನ ಓದಿಗೆ ಹೊರದೇಶಕ್ಕೆ ಹೋಗಬೇಕಾಗಬಹುದು, ಖರ್ಚಿನ ಲೆಕ್ಕ ಈಗಲೇ ಹಾಕಿ.

ಸದ್ಯಕ್ಕೆ ಟೀಚರ್ ಹತ್ತಿರವೇ ಒಂದು ವಿಯೋಲಾ ಎರವಲು ಕೇಳಿ. ಕೆಲವು ತಿಂಗಳು ಯಾವುದಾದರೂ ಕ್ವಾರ್ಟೆಟ್‌ನಲ್ಲಿ ಅವಳು ನುಡಿಸಲಿ. ನಡುವೆ ಕೂರುವುದು ಇಷ್ಟವಾಯಿತಾ ಅಂತ ಅವಳನ್ನೇ ಕೇಳಿ. ಕೊಳ್ಳುವ ಮಾತು ಆಮೇಲೆ.