‘ಬಾನ್ಜಾಯ್’: ಯುದ್ಧದ ಕೂಗೋ, ಹಾರೈಕೆಯೋ?

ಪ್ರಶ್ನೆ: ಯುದ್ಧದ ಸಿನಿಮಾಗಳಲ್ಲಿ ಜಪಾನಿ ಸೈನಿಕರು ‘ಬಾನ್ಜಾಯ್’ ಎಂದು ಅರಚುತ್ತಾ ನುಗ್ಗುತ್ತಾರೆ. ಮೊನ್ನೆ ಜಪಾನಿ ಸಹೋದ್ಯೋಗಿಯೊಬ್ಬರ ಮದುವೆ ವಿಡಿಯೊದಲ್ಲಿ ನೆಂಟರೆಲ್ಲ ಕೈಯೆತ್ತಿ ಅದನ್ನೇ ಕೂಗಿದರು! ಏನಿದರ ಅರ್ಥ? ಬೋನ್ಸಾಯ್ ಗಿಡಕ್ಕೂ ಇದಕ್ಕೂ ನಂಟಿದೆಯೇ?

ಉತ್ತರ: ಗಿಡಕ್ಕೆ ನಂಟಿಲ್ಲ. ಬೋನ್ಸಾಯ್ ಎಂದರೆ ತಟ್ಟೆಯಂಥ ಕುಂಡದಲ್ಲಿ ನೆಟ್ಟದ್ದು. ಬಾನ್ಜಾಯ್ ಎಂದರೆ ಹತ್ತು ಸಾವಿರ ವರ್ಷ. ನಮ್ಮಲ್ಲಿ ‘ನೂರ್ಕಾಲ ಬಾಳು’ ಅಂತಾರಲ್ಲ, ಚೀನಾದವರು ತಮ್ಮ ಚಕ್ರವರ್ತಿಗೆ ಕೈ ಬಿಚ್ಚಿ ಹಾರೈಸಿದರು, ಅಷ್ಟೇ. ಜಪಾನಿಗೆ ಪದ ಬಂದದ್ದು ಅಲ್ಲಿಂದ.

ಆದರೆ ಗುಂಪಾಗಿ ಕೂಗುವ ರೂಢಿ ಅಷ್ಟೇನೂ ಹಳೆಯದಲ್ಲ. 1889ರ ಫೆಬ್ರುವರಿ 11, ಜಪಾನಿನ ಮೇಜಿ ಚಕ್ರವರ್ತಿಯ ಕಾಲದ ಸಂವಿಧಾನ ಘೋಷಣೆಯಾದ ದಿನ. ಚಕ್ರವರ್ತಿಯ ಸಾರೋಟು ಬರುವಾಗ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಏನಾದರೂ ಕೂಗಬೇಕಿತ್ತು. ಶಿಕ್ಷಣ ಮಂತ್ರಿ ಮೋರಿ ಅರಿನೋರಿ ‘ಹೋಗಾ’ ಎಂಬ ಪದ ಸೂಚಿಸಿದ್ದರಂತೆ. ಕನ್ನಡದ ಕಿವಿಗೆ ಹೇಗೆ ಕೇಳುತ್ತದೋ ನೀವೇ ನೋಡಿ! ಜಪಾನಿಗಳ ತೊಡಕು ಬೇರೆ: ಅದನ್ನೇ ಬಿಡದೆ ಕೂಗಿದರೆ ‘ಅಹೋ ಗಾ’ ಎಂದು ಕೇಳುತ್ತದೆ, ‘ಅಹೋ’ ಎಂದರೆ ಪೆದ್ದ. ಹಳೆಯ ಉಚ್ಚಾರಣೆ ‘ಮಾನ್ಜಾಯ್’ಗೆ ‘ಮ’ಕಾರದಿಂದ ದಮ್ಮು ಸಾಲದು ಎಂದು ಕೊನೆಗೆ ‘ಬಾನ್ಜಾಯ್’ ನಿಂತಿತು. ಆ ಗದ್ದಲಕ್ಕೆ ಸಾರೋಟಿನ ಕುದುರೆಗಳು ಬೆಚ್ಚಿದವೆಂದೂ ಕಥೆಯಿದೆ.

ಇದೇ ಪದ ಕೊರಿಯಾದಲ್ಲಿ ‘ಮಾನ್ಸೆ’. 1919ರ ಮಾರ್ಚ್ 1ರಂದು ಕೊರಿಯನ್ನರು ಜಪಾನಿನ ಆಳ್ವಿಕೆಯ ವಿರುದ್ಧವೇ ಅದನ್ನು ಕೂಗುತ್ತಾ ಬೀದಿಗಿಳಿದರು.

ಸಿನಿಮಾದ ದೃಶ್ಯ ಎರಡನೇ ಮಹಾಯುದ್ಧದ್ದು. ಶರಣಾಗುವುದು ಅವಮಾನ ಎಂದು ಕಲಿಸಿದ್ದ ಸೈನ್ಯ, ಗುಂಡು ಮುಗಿದರೂ ‘ತೆನ್ನೊ ಹೇಕ ಬಾನ್ಜಾಯ್’ (ಚಕ್ರವರ್ತಿ ಚಿರಾಯುವಾಗಲಿ) ಎನ್ನುತ್ತಾ ಸಾಯಲೆಂದೇ ನುಗ್ಗುತ್ತಿತ್ತು. 1943ರ ಮೇನಲ್ಲಿ ಅಲಾಸ್ಕದ ಅಟ್ಟು ದ್ವೀಪದಲ್ಲಿ, 1944ರ ಜುಲೈನಲ್ಲಿ ಪೆಸಿಫಿಕ್ ಸಾಗರದ ಸೈಪಾನ್ ದ್ವೀಪದಲ್ಲಿ ಆದದ್ದು ಇದೇ. ‘ಬಾನ್ಜಾಯ್ ಚಾರ್ಜ್’ ಎಂದದ್ದು ಎದುರಾಳಿಗಳು. ಜಪಾನಿಗಳು ಕರೆದದ್ದು ‘ಗ್ಯೊಕುಸಾಯ್’, ಚೂರಾದ ರತ್ನ. ಸಾವಿಗೆ ಅಷ್ಟು ಚಂದದ ಹೆಸರಿಟ್ಟದ್ದೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಈಗ ಮದುವೆಯಲ್ಲಿ, ಚುನಾವಣೆ ಗೆದ್ದಾಗ, ಸಂಸತ್ತಿನ ಕೆಳಮನೆ ವಿಸರ್ಜನೆಯಾದಾಗಲೂ ಕೂಗುತ್ತಾರೆ. ನೀವೂ ಧಾರಾಳವಾಗಿ ದನಿಗೂಡಿಸಿ: ಎರಡೂ ಕೈ ಮೇಲೆ, ಮೂರು ಸಲ. ಅಂದಹಾಗೆ, ಮಗುವಿನ ಅಂಗಿ ಬಿಚ್ಚುವಾಗ ಜಪಾನಿನ ಅಮ್ಮಂದಿರು ‘ಬಾನ್ಜಾಯ್ ಮಾಡು’ ಎನ್ನುತ್ತಾರೆ. ಮಗು ತೋಳೆರಡನ್ನೂ ಮೇಲೆತ್ತುತ್ತದೆ, ಅಂಗಿ ತಲೆಯ ಮೇಲಿಂದ ಹೊರಬರುತ್ತದೆ.