ಪ್ರಾಥಮಿಕದಿಂದ ಪ್ರೌಢಶಾಲೆಗೆ ಬಡ್ತಿ: ಒಪ್ಪುವ ಮುನ್ನ ನೋಡಬೇಕಾದದ್ದು

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಹಶಿಕ್ಷಕಿ. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ವಿಷಯಗಳಲ್ಲಿ ಬಿ.ಎಸ್ಸಿ ಮಾಡಿ, ಡಿ.ಇಡಿ (ಪ್ರಾಥಮಿಕ ಶಿಕ್ಷಕರ ತರಬೇತಿ) ಮೇಲೆ, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬರುವ ಮೊದಲೇ ನೇಮಕಗೊಂಡವಳು, ಸೇವೆಯಲ್ಲಿದ್ದುಕೊಂಡೇ ಬಿ.ಇಡಿ ಮುಗಿಸಿದ್ದೇನೆ. ಇದುವರೆಗೆ ನಲಿ-ಕಲಿ (ಒಂದರಿಂದ ಮೂರನೇ ತರಗತಿಯ ಮಕ್ಕಳು ಗುಂಪುಗಳಲ್ಲಿ ಚಟುವಟಿಕೆಯಿಂದ ಕಲಿಯುವ) ತರಗತಿಯನ್ನೇ ನೋಡಿಕೊಂಡಿದ್ದೇನೆ. ಈಗ ಪ್ರೌಢಶಾಲೆಗೆ ಬಡ್ತಿಯ ಪಟ್ಟಿಯಲ್ಲಿ ಹೆಸರು ಬಂದಿದೆ. ಹತ್ತನೇ ತರಗತಿಗೆ ಗಣಿತ ಹೇಳುವುದು ನನ್ನಿಂದಾದೀತೇ?

ಉತ್ತರ: ಪಾಠದ ಅಳುಕಿಗಿಂತ ಮೊದಲು ಊರಿನ ವಿಚಾರ ಮಾಡಿರಿ. ಪ್ರಾಥಮಿಕ ಶಿಕ್ಷಕರದು ಜಿಲ್ಲಾ ವೃಂದ, ಅಂದರೆ ಜಿಲ್ಲೆಯ ಮಟ್ಟದ ಸಿಬ್ಬಂದಿ ವರ್ಗ; ಪ್ರೌಢಶಾಲಾ ಸಹಶಿಕ್ಷಕರದು ಹಲವು ಜಿಲ್ಲೆಗಳು ಸೇರಿದ ವಿಭಾಗೀಯ ವೃಂದ. ಬೆಳಗಾವಿ ವಿಭಾಗದಲ್ಲಿ ಬಾಗಲಕೋಟೆ, ವಿಜಯಪುರ, ಬೆಳಗಾವಿಗಳ ಜೊತೆಗೆ ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡಗಳೂ ಸೇರಿರುವುದರಿಂದ, ಸ್ಥಳ ಆಯ್ಕೆಯ ಕೌನ್ಸೆಲಿಂಗ್‌ನಲ್ಲಿ ನಿಮ್ಮ ಸರದಿ ಬರುವ ಹೊತ್ತಿಗೆ ಹತ್ತಿರದ ಹುದ್ದೆಗಳು ತುಂಬಿಹೋಗಿದ್ದರೆ ದಿನವೂ ಹೋಗಿ ಬರಲಾಗದ ಊರು ಪಾಲಿಗೆ ಬರಬಹುದು. ಹೊಸ ವೃಂದದಲ್ಲಿ ಜ್ಯೇಷ್ಠತೆಯೂ ಹೊಸದಾಗಿಯೇ ಆರಂಭವಾಗುತ್ತದೆ. ಇನ್ನು, ಇಲ್ಲಿಯೇ ಉಳಿದರೆ ನಿಶ್ಚಿಂತೆ ಎಂದೂ ತಿಳಿಯಬೇಡಿರಿ: ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ, ಒಂದರಿಂದ ಎಂಟನೇ ತರಗತಿಯವರೆಗಿನ ಶಿಕ್ಷಕರು ಎರಡು ವರ್ಷಗಳೊಳಗೆ ಟಿಇಟಿ ಪಾಸಾಗಬೇಕೆಂದು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ತೀರ್ಪು ನೀಡಿದೆ.

ಮನೆಯ ಪರಿಸ್ಥಿತಿ ಅನುವು ಮಾಡಿಕೊಟ್ಟರೆ ಹೋಗಿರಿ ಎಂದೇ ನನ್ನ ಸಲಹೆ. ಎಂಟನೇ ತರಗತಿಗೆ ಬಂದ ಹುಡುಗ 402ರಲ್ಲಿ 178 ಕಳೆದು 376 ಎಂದು ಬರೆದುಕೊಡುತ್ತಾನೆ. ಪ್ರೌಢಶಾಲೆಯಲ್ಲೇ ಸೇವೆ ಆರಂಭಿಸಿದ ಶಿಕ್ಷಕರಲ್ಲಿ ಅನೇಕರು ಇದಕ್ಕೆ ಕೆಂಪು ಗೆರೆ ಎಳೆದು, ಕೆಳಗಿನ ತರಗತಿಯಲ್ಲಿ ಏನೂ ಕಲಿಸಿಲ್ಲ ಎಂದು ಗೊಣಗಿ ಮುಂದೆ ಸಾಗುತ್ತಾರೆ. ನಿಮಗೆ ಮಾತ್ರ ಅವನು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಾನೆ, ದಶಕದಲ್ಲಿ ಸೊನ್ನೆಯಿದ್ದಾಗ ನೂರರ ಕಟ್ಟನ್ನು ಬಿಚ್ಚಿ ಹತ್ತು ದಶಕ ಮಾಡಿಕೊಳ್ಳುವುದು ಅವನಿಗೆ ತಿಳಿದಿಲ್ಲ ಎಂಬುದು ನೋಡಿದ ಕೂಡಲೇ ಹೊಳೆಯುತ್ತದೆ. ನಲಿ-ಕಲಿಯಲ್ಲಿ ಕಡ್ಡಿಯ ಕಟ್ಟು ಬಿಚ್ಚಿ ತೋರಿಸಿದ ಕೈ ಇಲ್ಲಿಯೂ ಅದನ್ನೇ ಮಾಡಬೇಕು. ಹದಿಮೂರು ವರ್ಷದ ಹುಡುಗನಿಗೆ ನಾಚಿಕೆಯಾಗದ ಹಾಗೆ, ಇಡೀ ತರಗತಿಯ ಎದುರಲ್ಲಲ್ಲದೆ ಪಕ್ಕಕ್ಕೆ ಕೂಡಿಸಿಕೊಂಡು ಮಾಡಬೇಕು ಎಂಬುದಷ್ಟೇ ವ್ಯತ್ಯಾಸ.

ನಿಮಗೆ ತೊಡಕಾಗುವುದು ಬೇರೆ ಕಡೆ. ಒಂದು ಗುಂಪಿಗೆ ಹೇಳಿಕೊಡುತ್ತ ಉಳಿದ ಗುಂಪುಗಳನ್ನು ಸ್ವಕಲಿಕೆಗೆ ಬಿಡುವ ಅನುಕೂಲ ಅಲ್ಲಿಲ್ಲ. ಗಂಟೆ ಬಾರಿಸಿದೊಡನೆ ತರಗತಿ ಬದಲಿಸಬೇಕು. ಥೇಲ್ಸ್ ಪ್ರಮೇಯದ ಸಾಧನೆಯನ್ನು ಪುಸ್ತಕ ನೋಡದೆ ಕಪ್ಪುಹಲಗೆಯ ಮೇಲೆ ಹಂತಹಂತವಾಗಿ ಬರೆಯುವ ರೂಢಿ ತಪ್ಪಿಹೋಗಿರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ 80 ಅಂಕಗಳ ಲಿಖಿತ ಪತ್ರಿಕೆ ಮತ್ತು 20 ಅಂಕಗಳ ಆಂತರಿಕ ಮೌಲ್ಯಮಾಪನವಿದ್ದು, ಫಲಿತಾಂಶದ ಲೆಕ್ಕ ಕೇಳುವವರು ಬಹಳ. ಆದ್ದರಿಂದ ಬೇಸಿಗೆ ರಜೆಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ವಿದ್ಯಾರ್ಥಿಯಂತೆ ಗಡಿಯಾರ ಇಟ್ಟುಕೊಂಡು ಬಿಡಿಸಿರಿ, ಮತ್ತು ಮೊದಲ ವರ್ಷ ಎಂಟು-ಒಂಬತ್ತನೇ ತರಗತಿಗಳನ್ನೇ ಕೊಡುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳಿರಿ. ಪಿಸಿಎಂ ಹುದ್ದೆಯಾದ್ದರಿಂದ ವಿಜ್ಞಾನದ ಪಾಠಗಳೂ ನಿಮ್ಮ ಪಾಲಿಗೆ ಬರಬಹುದು, ಅದಕ್ಕೂ ಸಿದ್ಧರಿರಿ.

ಪ್ರಶ್ನೆ: ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಹೇಳುತ್ತೇನೆ. ಬಿ.ಎ, ಬಿ.ಇಡಿ ಆಗಿದೆ. ಒಂದರಿಂದ ಐದನೇ ತರಗತಿಯ ಸರ್ಕಾರಿ ಹುದ್ದೆಗೆ ಅರ್ಜಿ ಹಾಕಬಹುದೇ?

ಉತ್ತರ: ಬಿ.ಇಡಿ ಒಂದರ ಬಲದ ಮೇಲೆ ಆಗದು. 2018ರಲ್ಲಿ ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇ ಅದಕ್ಕೆ ದಾರಿ ತೆರೆದಿತ್ತಾದರೂ, ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ಆ ಅಧಿಸೂಚನೆಯನ್ನು ರದ್ದುಪಡಿಸಿತು. ಓದು-ಬರಹದ ಮೊದಲ ಹೆಜ್ಜೆ ಕಲಿಸುವುದಕ್ಕೆ ಬೇರೆಯದೇ ತರಬೇತಿ ಬೇಕೆಂಬ ಆ ತೀರ್ಪಿನ ನಿಲುವು ನನಗೆ ಸರಿಯೆನಿಸುತ್ತದೆ. ಚಿಕ್ಕ ಮಕ್ಕಳಿಗೇ ಕಲಿಸಬೇಕೆಂದಿದ್ದರೆ ಎರಡು ವರ್ಷದ ಡಿ.ಇಎಲ್.ಇಡಿ (ಹಿಂದಿನ ಡಿ.ಇಡಿ) ಮಾಡಬೇಕು. ಅಷ್ಟು ಕಾಯಲಾರಿರಾದರೆ ಆರರಿಂದ ಎಂಟನೇ ತರಗತಿಯ ಪದವೀಧರ ಪ್ರಾಥಮಿಕ ಶಿಕ್ಷಕ ಹುದ್ದೆಗೆ ಪ್ರಯತ್ನಿಸಿರಿ. ಅದಕ್ಕೆ ಟಿಇಟಿಯ ಎರಡನೇ ಪತ್ರಿಕೆಯಲ್ಲಿ, ಸಾಮಾನ್ಯ ವರ್ಗದವರಾದರೆ, 150ಕ್ಕೆ ಕನಿಷ್ಠ 90 ಅಂಕ ಬೇಕು. ಒಮ್ಮೆ ಪಾಸಾದರೆ ಆ ಪ್ರಮಾಣಪತ್ರಕ್ಕೆ ಈಗ ಅವಧಿಯ ಮಿತಿಯಿಲ್ಲ.